ಬರೆದದ್ದನ್ನು ಆಡದ ರಾವಸಾಹೇಬ

ಕರೋಶಿಯ ರಾವಸಾಹೇಬನೆಂದರೆ ಚಿಕ್ಕೋಡಿಯಿಂದ ಕಾಗವಾಡದವರೆಗೂ ನಾಟಕದ ಹಾಸ್ಯಗಾರ. ಹೆಂಡತಿ ಸಕ್ಕುಬಾಯಿಗೆ ಮಾತ್ರ ತೀರದ ತಲೆನೋವು. ಹಗಲೆಲ್ಲ ಚಹಾದ ಮೇಲೆ ಚಹಾ ಕುಡಿದು ಹಾಸ್ಯದ ಮಾತು ಬರೆಯುತ್ತಾನೆ, ಸಂಜೆ ರಂಗಕ್ಕೇರಿ ಅದರಲ್ಲೊಂದನ್ನೂ ಆಡುವುದಿಲ್ಲ. ಎದುರು ಕೂತವರ ಮುಖ ನೋಡಿ ಹೊಸದನ್ನೇ ಹುಟ್ಟಿಸುತ್ತಾನೆ. ಅಲ್ಲಿಯವರೆಗೆ ರಾಜನ ಪಾತ್ರದವನು ಕತ್ತಿ ಹಿರಿದುಕೊಂಡು ಕಾಯಬೇಕು. ಏನೂ ಹೊಳೆಯದಿದ್ದರೆ ಮನೆಯ ಜಗಳ ಇದ್ದೇ ಇದೆ. ‘ಮೊಬೈಲ್ ನೋಡಿ ಹಲ್ಲ ಕಿಸಿಯೂದ ಸಾಕ್ರಿ, ಗಿರಣಿಗೆ ಹೋಗಿ ಜ್ವಾಳ ಬೀಸಿಸ್ಕೊಂಡ ಬರ್ರಿ’ ಎಂದು ಅವಳು ಬೆಳಿಗ್ಗೆ ಬೈದದ್ದು ಸಂಜೆ ಭೋಜ ಊರಿನ ನಾಟಕದಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ, ಹಿಟ್ಟು ಮಾತ್ರ ಮನೆಗೆ ಬರುವುದಿಲ್ಲ. ಕೇಳಿದರೆ, ‘ನೀ ಬೈದ್ರನ ನನ್ನ ನಾಟಕ ನಡೀತೈತಿ, ಇನ್ನೊಂದೀಟು ಬೈ’ ಎನ್ನುತ್ತಾನೆ. ಇನ್ನು ನಾಟಕದ ಕಡೆ ತಲೆ ಹಾಕುವುದಿಲ್ಲವೆಂದು ಆಣೆ ಮಾಡಿದ್ದವಳು ಈಚೆಗೆ ಒಂದನ್ನೂ ತಪ್ಪಿಸದೆ ಹೆಂಗಸರ ಮುಂದಿನ ಸಾಲಿನಲ್ಲಿ ಕೂಡುತ್ತಾಳೆ. ಅವನು ಒಮ್ಮೊಮ್ಮೆ ನಡುಮಾತಿನಲ್ಲೇ ನಿಂತುಬಿಡುತ್ತಾನೆ. ಅದೂ ಹೊಸ ಹಾಸ್ಯವೆಂದು ಜನ ನಗುತ್ತಾರೆ. ಮೊನ್ನೆ ಗಿರಣಿಯ ಹತ್ತಿರ ಮನೆಯ ದಾರಿಯೇ ಮರೆತು ನಿಂತಿದ್ದವನನ್ನು ಕರೆತಂದ ಸಕ್ಕುಬಾಯಿಗೆ ಮಾತ್ರ ನಗು ಬರುವುದಿಲ್ಲ. ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವ ಪ್ರಾಂಪ್ಟರನ ಪುಸ್ತಕದಿಂದಲೂ ಉಪಯೋಗವಿಲ್ಲ, ರಾವಸಾಹೇಬ ಬರೆದದ್ದನ್ನು ಆಡಿದರಲ್ಲವೇ. ಅವನು ಹಾಗೆ ನಿಂತಾಗಲೆಲ್ಲ ಅವಳೇ ಕೂತಲ್ಲಿಂದ ಗದರುತ್ತಾಳೆ: ‘ಏನ್ ಗೂಟದಂಗ ನಿಂತೀರಿ, ರಾಜಾ ಕುದರಿ ತರಾಕ ಹೇಳ್ಯಾನಲ್ಲ, ತರ್ರಿ.’ ಅವನ ಮುಖ ಅರಳಿ ನಾಟಕ ಮುಂದೆ ಸಾಗುತ್ತದೆ. ‘ಪಾಪ, ಆಕಿ ಅವನನ್ನ ಇಲ್ಲೂ ಬಿಡೂದಿಲ್ಲ ನೋಡ’ ಎನ್ನುತ್ತಾರೆ ಹಿಂದಿನ ಸಾಲಿನವರು. ಸಕ್ಕುಬಾಯಿ ತಿರುಗಿ ನೋಡುವುದಿಲ್ಲ. ಅವನ ಬಾಯಿಂದ ಕಣ್ಣು ಕೀಳಲು ಅವಳಿಗೆ ಪುರಸೊತ್ತಿಲ್ಲ.