ಎರಡು ಎತ್ತರದ ಕಟ್ಟೆ

ಮೊನ್ನೆ ಪಕ್ಕದ ಮನೆಯಲ್ಲಿ ಗ್ರಾನೈಟ್ ಕೊಯ್ಯುವ ಮಷಿನ್ ಶುರುವಾಯಿತು. ಒದ್ದೆ ಕಲ್ಲುಪುಡಿಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಅದರ ಬೆನ್ನಿಗೇ ನಮ್ಮ ಇಳಕಲ್ಲಿನ ಕಾಕಾ ನೆನಪಾದರು...

ನಾನು ಮದುವೆಯಾಗಿ ಮುಂಬೈಯ ಚೆಂಬೂರಿಗೆ ಬಂದ ಎರಡನೇ ವರ್ಷ, ನಮ್ಮ ಅಡುಗೆ ಕಟ್ಟೆಗೆ ಹೊಸ ಕಲ್ಲು ಕೂರಿಸಲು ಬಂದವರು ಅವರು. ಹಳೆಯ ಕಟ್ಟೆ ಅತ್ತೆಯ ಅಳತೆಯದು. ಅತ್ತೆ ಗಿಡ್ಡ, ನಾನು ಉದ್ದ. ಬಗ್ಗಿ ಬಗ್ಗಿ ನನ್ನ ಬೆನ್ನು ಮುರಿದುಹೋಗಿತ್ತು. ಹೇಳಲು ಮಾತ್ರ ಧೈರ್ಯವಿರಲಿಲ್ಲ.

ಕಾಕಾ ತಂದದ್ದು ತಮ್ಮ ಊರಿನ ಕೆಂಪು ಕಲ್ಲು. ಅವರ ಕಡೆ ಹೊಸ್ತಿಲು, ಕಂಬ, ಮೆಟ್ಟಿಲು ಎಲ್ಲಕ್ಕೂ ಅದೇ ಅಂತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಗಂಟೆಯಂತೆ ದನಿ ಬಂದ ಮೇಲೆಯೇ ಒಳಗಿಟ್ಟರು.

"ಭೂಮಿ ಹೊಟ್ಟ್ಯಾಗ ಕುದ್ದು ಸಾವಕಾಶ ಆರಿದ ಕಲ್ಲರೀ ಇದು. ಅದಕ್ಕ ಕಾಳು ಕಾಳು ಕಾಣತಾವ. ನಿಮ್ಮ ಮುಂಬೈ ಕರಿಕಲ್ಲು ಗಡಬಡ ಮಾಡಿ ಆರೇತಿ. ಓಡಿ ಓಡಿ ಲೋಕಲ್ ಟ್ರೇನ್ ಹಿಡಿಯೋ ಊರಿನ ಕಲ್ಲಲ್ಲೇನ್ರಿ!"

ಕಿಸೆಯಲ್ಲಿ ಟೇಪ್ ಇದ್ದರೂ ಕಟ್ಟೆಯ ಎತ್ತರಕ್ಕೆ ಅವರದು ದಾರವೇ. ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಒಂದು ಗಂಟು.

"ಅಡಿಗಿ ಯಾರು ಮಾಡೋರ್ರಿ?"

"ನಾನು," ಎಂದರು ಅತ್ತೆ. ನನ್ನ ಬಾಯಿಂದಲೂ "ನಾನು" ಎಂದು ಜಾರಿತು. ಕಾಕಾ ನಗುತ್ತ ಇಬ್ಬರನ್ನೂ ಅಳೆದು ದಾರಕ್ಕೆ ಎರಡು ಗಂಟು ಹಾಕಿದರು. ತಮ್ಮ ಅಳತೆಯೇ ಸಾಕೆಂದು ಅತ್ತೆ ತಾಕೀತು ಮಾಡಿ ದೇವಸ್ಥಾನಕ್ಕೆ ಹೋದರು.

ತಿರುಗಿ ಬರುವಷ್ಟರಲ್ಲಿ ಕಲ್ಲು ಎರಡು ತುಂಡಾಗಿ, ಒಂದಕ್ಕಿಂತ ಒಂದು ಮೂರು ಬೆರಳು ಎತ್ತರದಲ್ಲಿ ಕೂತಾಗಿತ್ತು!

"ಇದೆಂಥದು ಮಾರಾಯ್ರೆ, ಅಡುಗೆಮನೆಯಲ್ಲಿ ಮೆಟ್ಟಿಲು?" ಅತ್ತೆಯ ಮುಖ ಕಲ್ಲಿಗಿಂತ ಕೆಂಪಾಗಿತ್ತು.

"ಅವ್ವಾರ, ಕಲ್ಲು ಎಷ್ಟರ ತಡಕೋತೈತಿ. ಈ ಹುಡುಗಿ ಬೆನ್ನು ತಡಕೋಳಂಗಿಲ್ಲ."

ಅತ್ತೆ ನನ್ನನ್ನೇ ನೋಡಿದರು. ಕೊನೆಗೆ, "ಹಾಗಾದರೆ ಒಲೆ ನನ್ನ ಬದಿಗೆ ಇರಲಿ," ಎಂದರು. ನನಗೆ ಅಳುವಷ್ಟು ಖುಷಿಯಾಗಿತ್ತು.

ಆಮೇಲೆ ಬಂದವರೆಲ್ಲ ಆ ಕಟ್ಟೆ ನೋಡಿ ನಕ್ಕರು. ನಾವಿಬ್ಬರೂ ಅಕ್ಕಪಕ್ಕ ನಿಂತು ಎಷ್ಟೋ ವರ್ಷ ಜಗಳಾಡುತ್ತಲೇ ಅಡುಗೆ ಮಾಡಿದೆವು. ಅತ್ತೆ ಹೋದರು. ಕಾಕಾ ಕೂಡ ಊರಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು...

ಮಷಿನ್ ಸದ್ದು ನಿಂತ ಮೇಲೆ ಚಹಾಕ್ಕೆ ನೀರಿಟ್ಟು ಸುಮ್ಮನೆ ಮೊಣಕೈ ಮಡಚಿ ನೋಡಿದೆ. ವಯಸ್ಸಿಗೆ ನಾನೂ ಕುಗ್ಗಿದ್ದೇನೆ. ಅತ್ತೆಯ ಬದಿಯ ಕಲ್ಲು ಈಗ ನನ್ನ ಮೊಣಕೈಗಿಂತ ಸರಿಯಾಗಿ ನಾಲ್ಕು ಬೆರಳು ಕೆಳಗಿದೆ. ನಗು ಬಂತು. ಜೊತೆಗೆ ನಗಬೇಕಾಗಿದ್ದ ಇಬ್ಬರೂ ಇಲ್ಲ.