ಯಾವುದನ್ನೂ ನಂಬದ ಡಾಕ್ಟರಬಾಯಿ

ಮಗಳ ಮಿದುಳಿನ ಫಿಲ್ಮು ಇದ್ದ ಲಕೋಟೆಯನ್ನು ಹುಬ್ಬಳ್ಳಿಯಿಂದ ಗದಗಿನ ತನಕ ಬಸ್ಸಿನಲ್ಲಿ ಎದೆಗೆ ಹಿಡಿದು ತಂದಿದ್ದೆ, ಎಲ್ಲಿಯೂ ಮಡಚಬಾರದೆಂದು. ಡಾಕ್ಟರಬಾಯಿ ಅದನ್ನು ಮೊದಲು ತೆರೆಯಲೇ ಇಲ್ಲ. ಮೇಜಿನ ಮೇಲಿಟ್ಟು ಅದರ ಮೇಲೆ ತಮ್ಮ ಚಹಾದ ಕಪ್ಪಿಟ್ಟರು. ಅಲ್ಲಿಗೇ ನನಗೆ ಆಕೆಯ ಮೇಲೆ ಅನುಮಾನ ಹುಟ್ಟಿತು. ಓದಲು ಬರದವರು ಕಾಗದವನ್ನು ಹೀಗೇ ಪಕ್ಕಕ್ಕೆ ಸರಿಸುತ್ತಾರೆ. ನಾನೇ ಎಷ್ಟೋ ಸಲ ಸರಿಸಿದ್ದೇನೆ.

ಮುಂಡರಗಿ ಕಡೆಯ ಹೆಣ್ಣುಮಗಳು. ದಪ್ಪ ಕನ್ನಡಕ, ಗಂಡಸಿನ ಗಡಿಯಾರ, ನಗು ಕಡಿಮೆ. ಯಾರ ಮಾತನ್ನೂ ನಂಬುವವರಲ್ಲ. ತಂದೆ ಹೇಳಿದ್ದನ್ನು ತಾಯಿಗೆ ಕೇಳುವರು, ತಾಯಿ ಹೇಳಿದ್ದನ್ನು ಅಜ್ಜಿಗೆ. ಗುಳಿಗಿ ತಪ್ಪಿಸಿಲ್ಲ ಅಂದರೆ ಖಾಲಿ ಪಟ್ಟಿ ತೋರಿಸಿರಿ ಅನ್ನುವರು. “ನೋಡಿದ್ದು ಹೇಳ್ರಿ, ತಿಳಕೊಂಡಿದ್ದು ಬ್ಯಾಡ” ಎಂಬುದು ಅವರ ದಿನದ ಮಾತು.

ನಾನು ಬೆಟಗೇರಿಯ ನೇಕಾರ. ಐದನೆಯ ಇಯತ್ತೆಗೆ ಸಾಲಿ ಬಿಟ್ಟವನಾದರೂ ನಾನು ನೇಯ್ದ ಸೀರೆಯಲ್ಲಿ ಎಳೆ ತಪ್ಪಿದೆ ಎಂದು ಯಾವ ಸಾಹುಕಾರನೂ ಹಿಂದಕ್ಕೆ ಕಳಿಸಿಲ್ಲ. ಮಗಳು ಸುಮಿಗೆ ಎಂಟು ವರ್ಷ. ಆಟಿಸಂ ಎಂದು ಮೊದಲೇ ಹೇಳಿದ್ದರು. ಮಾತು ನಾಲ್ಕಾರು ಅಷ್ಟೆ. ಮಗ್ಗದ ಹತ್ತಿರ ಕುಳಿತು, ನೂಲು ಸುತ್ತಿದ ಕಂಡಕಿಗಳನ್ನು ಬಣ್ಣದ ಪ್ರಕಾರ ಸಾಲು ಇಡುವಳು. ನಡುವೆ ಒಮ್ಮೊಮ್ಮೆ ಕಣ್ಣು ನೆಟ್ಟು ಸುಮ್ಮನಾಗುವಳು. ಅದು ಫಿಟ್ಸ್ ಇರಬಹುದು, ತೋರಿಸಿರಿ ಎಂದವರು ಅವಳಿಗೆ ಸಾಲಿಯಲ್ಲಿ ಕಲಿಸುವ ಅಕ್ಕೋರು. ನನಗೆ ಹೆದರಿಕೆಯ ಜೊತೆ ಒಂದು ಆಸೆಯೂ ಹುಟ್ಟಿತು. ತಲೆಯೊಳಗೆ ಏನೋ ದೋಷ ಸಿಗುತ್ತದೆ, ಅದನ್ನು ತೆಗೆದರೆ ಮಗಳು ಮಾತಾಡುತ್ತಾಳೆ.

ಫಿಲ್ಮಿನಲ್ಲಿ ಏನೂ ದೋಷವಿಲ್ಲ ಎಂದು ಬರೆದು ಬಂದಿತ್ತು. ಡಾಕ್ಟರಬಾಯಿ ಅದನ್ನು ಕಡೆಗೆ ನೋಡಿ, ಇಷ್ಟರಿಂದ ಫಿಟ್ಸ್ ಇಲ್ಲ ಅನ್ನಲಾಗದು ಎಂದರು. ನಾನು ಬಿಡಲಿಲ್ಲ. ಫೋಟೋ ಚೊಕ್ಕ ಬಂದಮೇಲೆ ಇನ್ನೇನು ಎಂದೆ.

“ನಿಮ್ಮ ಮಗ್ಗದ ಫೋಟೋ ತಗದು ಕೊಟ್ರ, ಎಳಿ ಎಲ್ಲಿ ತಪ್ಪಾಕತ್ತೈತಿ ಅಂತ ಹೇಳತೀರೇನು ಯಜಮಾನ್ರ?”

“ಅದೆಂಗ್ರಿ? ನಡಿಯೂದು ನೋಡಬೇಕು.”

“ನಂದೂ ಅದ ಮಾತು.”

ತಲೆಗೆ ತಂತಿ ಅಂಟಿಸಿ, ಮಿದುಳು ನಡೆಯುವುದನ್ನು ಗೆರೆ ಎಳೆದು ತೋರಿಸುವ ಇಇಜಿ ಮಾಡಿಸಿದರು. ಎಡಗಡೆಯ ಗೆರೆಗಳು ಅಲ್ಲಲ್ಲಿ ಚೂಪಾಗಿ ಎದ್ದಿವೆ ಎಂದು ಬಂತು. ಈಗ ನಾನೇ ಗುಳಿಗಿ ಬೇಡಿದೆ, ಅವರು ಕೊಡಲಿಲ್ಲ. ಇಂಥ ಮಕ್ಕಳಲ್ಲಿ ಫಿಟ್ಸ್ ಇಲ್ಲದೆಯೂ ಇಂಥ ಗೆರೆ ಬರುವುದುಂಟಂತೆ. “ಗೆರಿಗೆ ಗುಳಿಗಿ ಕೊಡಂಗಿಲ್ಲ ನಾ, ಹುಡುಗಿಗೆ ಕೊಡಾಕಿ” ಎಂದರು. ಚೊಕ್ಕ ಇದ್ದದ್ದನ್ನು ನಂಬಲಿಲ್ಲ, ಕೆಟ್ಟದ್ದನ್ನೂ ನಂಬುವುದಿಲ್ಲ. ಈಕೆಗೆ ಏನೂ ತಿಳಿಯದು ಎಂದು ಹೆಂಡತಿ ಗೌರವ್ವನ ಕಿವಿಯಲ್ಲಿ ಹೇಳಿದೆ.

ಅಷ್ಟರಲ್ಲಿ ಸುಮಿ, ಜೊತೆಗೆ ತಂದಿದ್ದ ಕಂಡಕಿಗಳನ್ನು ಸಾಲಿಟ್ಟು ಸುಮ್ಮನಾದಳು. ಕೂಗಿದರೆ ಓಗೊಡಲಿಲ್ಲ. ಡಾಕ್ಟರಬಾಯಿ ಮೆಲ್ಲಗೆ ಬಗ್ಗಿ ಒಂದು ಕೆಂಪು ಕಂಡಕಿ ಎಗರಿಸಿದರು. ಸುಮಿ ತಟ್ಟನೆ ಅವರ ಕೈಯಿಂದ ಕಸಿದುಕೊಂಡು ಮೊದಲಿನ ಜಾಗಕ್ಕೇ ಇಟ್ಟಳು.

“ಇದು ಫಿಟ್ಸ್ ಅನ್ಸವಲ್ದು. ಕೆಲಸದಾಗ ಅದಾಳ ಆಕಿ” ಎಂದು, ನನ್ನನ್ನು ಬಿಟ್ಟು ಗೌರವ್ವನ ಕಡೆ ತಿರುಗಿದರು. ಸುಮಿ ನಿದ್ದೆಯಲ್ಲಿ ಹೇಗಿರುತ್ತಾಳೆ ಎಂದು ಕೇಳಿದರು. ಗೌರವ್ವ ಹೇಳಲೋ ಬೇಡವೋ ಎಂಬಂತೆ ಹೇಳಿದಳು: ನಸುಕಿನಲ್ಲಿ ಒಮ್ಮೊಮ್ಮೆ ಬಾಯಿ ಮೆಲುಕು ಹಾಕಿದಂತೆ ಆಡುತ್ತದೆ, ಬಲಗೈ ಸೆಟೆಯುತ್ತದೆ. ಕನಸಿನಲ್ಲಿ ಉಣ್ಣುತ್ತಾಳೆ ಎಂದು ಮನೆಯಲ್ಲಿ ಅಜ್ಜಿ ಬಾಯಿಗೆ ಬೆಲ್ಲದ ಚೂರು ಇಡುತ್ತಾಳೆ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. “ಅಂಥಾ ಹೊತ್ತಿನ್ಯಾಗ ಬಾಯಾಗ ಏನೂ ಹಾಕಬ್ಯಾಡ್ರಿ, ನೀರೂ ಬ್ಯಾಡ. ಉಸಿರು ಕಟ್ಟತೈತಿ. ಮಗ್ಗಲಾ ಮಾಡಿ ಮಲಗಸ್ರಿ, ಮೊಬೈಲ್‌ನ್ಯಾಗ ಹಿಡೀರಿ, ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರ ದವಾಖಾನಿಗೆ ಬರ್ರಿ.”

ಮುಂದಿನ ಸಲ ಗೌರವ್ವ ಮೊಬೈಲಿನಲ್ಲಿ ಹಿಡಿದು ತಂದ ಚಿತ್ರವನ್ನು ಅವರು ಮತ್ತೆ ಮತ್ತೆ ನೋಡಿದರು. ಆಮೇಲೆಯೇ ಇಇಜಿಯ ಕಾಗದ ತರಿಸಿ ಪಕ್ಕಕ್ಕಿಟ್ಟುಕೊಂಡರು. ಬಲಗೈ ಆಡಿಸುವುದು ಮಿದುಳಿನ ಎಡಗಡೆಯಂತೆ, ಎರಡೂ ತಾಳೆಯಾದವು. ಆವತ್ತು ಗುಳಿಗಿ ಬರೆದರು. ನನ್ನ ಅನುಮಾನ ಹೋಗಲಿಲ್ಲ. ಅದೇ ಗುಳಿಗಿಯೋ ಅಲ್ಲವೋ ಎಂದು ಎರಡು ಅಂಗಡಿಗಳಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ. ಅದು ಅವರಿಗೆ ಹೇಗೋ ಗೊತ್ತಾಗಿ, ಚಲೋ ಮಾಡಿದಿರಿ ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆವತ್ತೊಂದೇ ಸಲ.

ನಸುಕಿನ ಆ ಆಟ ಬರಬರುತ್ತ ಕಡಿಮೆಯಾಗಿ ನಿಂತಿತು. ಡಾಕ್ಟರಬಾಯಿ ಗದಗು ಬಿಟ್ಟು ಹೋಗುವವರಿದ್ದರು. ಕಡೆಯ ಸಲ ಹೋದಾಗ, ಎದೆಯಲ್ಲಿ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ.

“ಬಾಯಾರ, ಫಿಟ್ಸ್ ನಿಂತಾವು. ಇನ್ನ ಮಾತು ಬರತೈತಿಲ್ರಿ?”

ಅವರು ಸುಮಿಯನ್ನು ನೋಡುತ್ತಲೇ ಹೇಳಿದರು: “ಫಿಟ್ಸ್‌ಗೆ ಗುಳಿಗಿ ಐತಿ. ಸುಮಿ ಸುಮಿ ಆಗಿರೂದಕ್ಕ ಗುಳಿಗಿ ಇಲ್ಲ, ಅದು ಜಡ್ಡೂ ಅಲ್ಲ. ಮಾತು ಕಲಸೋರ ಕಡೆ ಕಳಸ್ರಿ. ಬರಬಹುದು, ಬರಲಿಕ್ಕೂ ಇಲ್ಲ. ಬಂದ ಬರತೈತಿ ಅಂತ ಯಾರರ ಖಾತ್ರಿ ಕೊಟ್ರ ಅವರ ಮ್ಯಾಲ ಅನುಮಾನ ಪಡ್ರಿ. ನಿಮಗ ಅದು ಕಲಸಬೇಕಾಗಿಲ್ಲ.”

ಅವರು ಈಗ ಯಾವ ಊರಲ್ಲಿದ್ದಾರೋ ತಿಳಿಯದು. ಮೊನ್ನೆ ನೆಂಟರು ಒತ್ತಾಯ ಮಾಡಿ ಲಕ್ಷ್ಮೇಶ್ವರದ ಕಡೆ ಒಬ್ಬ ಔಷಧದವನ ಹತ್ತಿರ ಕರೆದೊಯ್ದಿದ್ದರು. ಅವನು ಸುಮಿಯನ್ನು ಸರಿಯಾಗಿ ನೋಡಲೂ ಇಲ್ಲ. ಡಾಕ್ಟರ ಗುಳಿಗಿ ಬಿಡಿಸಿರಿ, ದೀಪಾವಳಿ ಹೊತ್ತಿಗೆ ಹುಡುಗಿ ‘ಅಪ್ಪಾ’ ಅನ್ನದಿದ್ದರೆ ಕೇಳಿರಿ ಎಂದ. ಆ ಮಾತಿನ ಆಸೆಗೆ ನಾನು ಅಲ್ಲೇ ಕುಳಿತೆ. ನೆಂಟರು ನನ್ನ ಮುಖವನ್ನೇ ನೋಡುತ್ತಿದ್ದರು. ಕಡೆಗೆ, ಖಾತ್ರಿ ಕೊಟ್ಟ ಅವನ ಔಷಧ ಮುಟ್ಟದೆ ಎದ್ದೆ. ಬಸ್ ಸ್ಟ್ಯಾಂಡಿನ ತನಕ ಸುಮಿ ನನ್ನ ಕಿರುಬೆರಳು ಹಿಡಿದು ನಡೆದಳು.