ತನಗೂ ಎರಡು ಬೆರಳು

ಮೂಲೆಯಂಗಡಿಯ ಟೈಲರಮ್ಮನ ಜೊತೆ ಚೌಕಾಸಿ ಮಾಡಿ ಗೆದ್ದವರಿಲ್ಲ. ಗಿರಾಕಿ ಎಷ್ಟೇ ಹಲ್ಲು ಗಿಂಜಿದರೂ ಒಂದೇ ಉತ್ತರ: "ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದೀನಿ. ದಪ್ಪ ಆದ್ರೆ ಬನ್ನಿ, ಬಿಚ್ಚಿಕೊಡ್ತೀನಿ. ರೇಟು ಮಾತ್ರ ಇಳಿಯಲ್ಲ."

ಅವಳ ಸ್ವಂತ ಬಟ್ಟೆಯ ಕಥೆಯೇ ಬೇರೆ. ಮೈ ಇಳಿದಂತೆಲ್ಲ ಹಿಡಿದು ಹೊಲಿದು, ಮಿಕ್ಕ ಅಂಚನ್ನು ಕತ್ತರಿಸಿ ಎಸೆಯುತ್ತಿದ್ದಳು. ಎಲ್ಲೂ ಜೋತುಬೀಳದ ಅಚ್ಚುಕಟ್ಟು. ಹಾಗಾಗಿ ನಲವತ್ತು ದಾಟಿದ ಈ ಹೆಂಗಸು ಊಟ ಬಿಟ್ಟು ಸೊರಗುತ್ತಿರುವುದು ಒಡಹುಟ್ಟಿದ ಅಕ್ಕನ ಕಣ್ಣಿಗೂ ಬೀಳಲಿಲ್ಲ. ಒಂದು ದಿನ ಮಷೀನಿನ ಮೇಲೆಯೇ ಕಣ್ಣು ಕತ್ತಲೆ ಬಂದು ಬಿದ್ದಳು. ಇದು ಅನೊರೆಕ್ಸಿಯಾ, ದಪ್ಪಗಾಗುವ ಭಯಕ್ಕೆ ಊಟ ಬಿಡಿಸುವ ಕಾಯಿಲೆ, ಹಟವಲ್ಲ ಎಂದರು ಡಾಕ್ಟರು. ತೂಕ ಇನ್ನೂ ಇಳಿದರೆ ವಾರ್ಡಿಗೆ ಸೇರಿಸಬೇಕು. ಆಗ ಅಂಗಡಿಗೆ ಬೀಗವೇ.

ವಾರಕ್ಕೊಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ ಆಪ್ತಸಮಾಲೋಚಕಿಯ ಭೇಟಿ ನಿಗದಿಯಾಯಿತು. ಉಪದೇಶಕ್ಕೆ ಎದುರುತ್ತರ ಸಿದ್ಧಮಾಡಿಕೊಂಡೇ ಹೋದಳು. ಆಕೆಯೋ ತನ್ನ ಊಟದ ಡಬ್ಬಿ ಬಿಚ್ಚಿ, ಇವಳು ತಂದ ಡಬ್ಬಿಯತ್ತ ನೋಡದೆ, "ಇವತ್ತು ಏನು ಮಾತಾಡೋಣ? ನೀವೇ ಹೇಳಿ" ಎಂದಳು.

"ನಾನೇ ಹೇಳೋದಾದ್ರೆ ನೀವ್ಯಾಕೆ?"

"ಜೊತೆಗೆ ಕೂತ್ಕೊಳ್ಳೋಕೆ."

ಟೈಲರಮ್ಮನ ಬಾಯಿ ಮೆಲ್ಲಗೆ ಬಿಚ್ಚಿತು: ತಕರಾರಿನ ಗಿರಾಕಿಗಳು, ಕೆಟ್ಟ ಮೋಟರು, ತೀರಿಹೋದ ಅಮ್ಮ. ತುತ್ತು ಗಂಟಲಲ್ಲಿ ನಿಂತಾಗ ಸಮಾಲೋಚಕಿ, "ಕಷ್ಟ ಅಂತ ಗೊತ್ತು. ಬಿಡೋ ಹಾಗಂತೂ ಇಲ್ಲ. ನಿಧಾನ, ನಾನಿದೀನಿ" ಎನ್ನುತ್ತಿದ್ದಳು. ಹೀಗೆ ತಿಂಗಳುಗಳು ಕಳೆದು ಮೈ ಸ್ವಲ್ಪ ಹಿಡಿಯಿತು.

ಅಲ್ಲೇ ಎಡವಟ್ಟಾಯಿತು. ಕುಪ್ಪಸ ಕಂಕುಳಲ್ಲಿ ಬಿಗಿಯಿತು. ಬಿಚ್ಚೋಣವೆಂದರೆ ಒಳಗೆ ನೂಲೆಳೆಯಷ್ಟೂ ಬಟ್ಟೆಯಿಲ್ಲ. ಆ ವಾರದ ಭೇಟಿಯಲ್ಲಿ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

"ಉಬ್ಬಿದೀನಿ. ಇನ್ನು ತಿನ್ನಲ್ಲ."

"ಗಿರಾಕಿ ಒಬ್ಬರು ಇಂಥ ಬಟ್ಟೆ ತಂದ್ರೆ?"

"ಯಾವ ದರಿದ್ರ ಟೈಲರ್ ಹೊಲಿದದ್ದು ಅಂತ ಬೈದು, ಹೊಸದು ಹೊಲೀತೀನಿ."

"ಬೈಗುಳ ಬಿಟ್ಟು ಮಿಕ್ಕಿದ್ದು ನಿಮಗೂ ಮಾಡ್ಕೊಳ್ಳೋಕಾಗತ್ತಾ?"

ಸಂಜೆ ಅಂಗಡಿಗೆ ಬಂದ ಅಕ್ಕನ ಕೈಗೆ ಟೈಲರಮ್ಮ ಟೇಪು ಕೊಟ್ಟಳು.

"ಅಳತೆ ತಗೋ. ಅಂಕಿ ಬಾಯಿಬಿಟ್ಟು ಹೇಳ್ಬೇಡ, ಸೀಮೆಸುಣ್ಣದಲ್ಲಿ ಈ ಹೊಸ ಬಟ್ಟೆ ಮೇಲೆ ಗುರುತು ಹಾಕು ಸಾಕು."

"ಟೇಪು ತಲೆಕೆಳಗಾಗಿದೆಯೇನೇ?"

"ನಿನ್ನ ತಲೆ! ತಿರುಗಿಸಿ ಹಿಡಿ."

ಊರವರಿಗೆಲ್ಲ ಕಣ್ಣುಮುಚ್ಚಿ ಕತ್ತರಿ ಓಡಿಸಿದವಳು ಅಂದು ಎರಡೆರಡು ಸಲ ಗುರುತು ನೋಡಿದಳು. ಗುರುತಿನ ಆಚೆಗೆ ಎರಡು ಬೆರಳಿಟ್ಟು ನೋಡಿ, ಅಲ್ಲಿಂದಲೇ ಕತ್ತರಿಸಿದಳು. ಆಮೇಲೆ ಮಧ್ಯಾಹ್ನ ಮುಚ್ಚಿಯೇ ಇದ್ದ ಡಬ್ಬಿಯನ್ನು ಎಳೆದುಕೊಂಡು, "ನೀನೂ ಕೂತ್ಕೋ ಅಕ್ಕ, ಸುಮ್ನೆ ನನ್ನ ಡಬ್ಬಿ ನೋಡ್ಬೇಡ" ಎಂದಳು.